ಕರೆದವರೇ ಕಳಿಸಬೇಕು

ನನ್ನ ಗಂಡ ವರ್ಷಕ್ಕೊಮ್ಮೆ ಮನೆಗೆ ಬಂದು ಕಟ್ಟಿಗೆ ಒಡೆದು ಹೋಗುತ್ತಿದ್ದ. ಮಳೆ ಹಿಡಿಯುವ ಮೊದಲು ಒಂದು ದಿನ, ಬೆಳಗ್ಗೆ ಬಂದರೆ ದೀಪ ಹಚ್ಚುವ ಹೊತ್ತಿನವರೆಗೆ. ಗಡಿಯಲ್ಲಿ ಸತ್ತಾಗ ಅವನಿಗೆ ಇಪ್ಪತ್ತಾರು, ನನಗೆ ಇಪ್ಪತ್ತೊಂದು. ಅವನಿಗೆ ಈಗಲೂ ಇಪ್ಪತ್ತಾರೇ. ನನ್ನ ತಲೆ ಅರ್ಧ ಬೆಳ್ಳಗಾಗಿದೆ, ಮೊಣಕಾಲು ಹಿಡಿದುಕೊಂಡಿದೆ. ಹಿತ್ತಲಲ್ಲಿ ಅವನು ಕೊಡಲಿ ಎತ್ತುವುದನ್ನು ನೋಡುತ್ತ ನಾನು ಕಟ್ಟೆಯ ಮೇಲೆ ಕುಳಿತರೆ, ಪಕ್ಕದ ಮನೆಯ ಖೈರುನ್‌ಬಿ ಗೋಡೆಯ ಮೇಲಿಂದ ಇಣುಕಿ, "ಏನವಾ ಕಸ್ತೂರಿ, ಗಂಡ ಬಂದಾನೋ, ಅಳಿಯ ಬಂದಾನೋ?" ಎಂದು ಕೀಟಲೆ ಮಾಡುತ್ತಿದ್ದಳು. "ಅಳಿಯ ಆಗಿದ್ರ ಇಷ್ಟು ಮೈಮುರದು ದುಡೀತಿದ್ನೇನ?" ಎಂದು ನಾನೂ ಬಿಡುತ್ತಿರಲಿಲ್ಲ. ಅಡಿವೆಪ್ಪ ಮಾತ್ರ ಯಾವುದಕ್ಕೂ ಮಾತಾಡುತ್ತಿರಲಿಲ್ಲ. ನಮ್ಮೂರಿನ ಸಿಪಾಯಿಗಳು ಸತ್ತ ಮೇಲೆ ಬರುತ್ತಾರೆ, ಮಾತಾಡುವುದಿಲ್ಲ.

ಊರ ಪಡುವಣಕ್ಕೆ ಸಿಪಾಯಿ ಹೊಲವಿದೆ. ಯಾವ ಜಾತಿಯವನೇ ಇರಲಿ, ಯುದ್ಧದಲ್ಲಿ ಸತ್ತವನನ್ನು ಅಲ್ಲೇ ಹೂಳುವುದು. ಬದುಕಿದ್ದಾಗ ಒಬ್ಬರ ಬಾವಿಯ ನೀರನ್ನು ಇನ್ನೊಬ್ಬರು ಮುಟ್ಟದವರು ಅಲ್ಲಿ ಒಂದೇ ಸಾಲಿನಲ್ಲಿ ಮಲಗಿದ್ದಾರೆ. ತಲೆಗೊಂದು ಕಲ್ಲು, ಕಲ್ಲಿನ ಮೇಲೆ ಹೆಸರು, ಅಪ್ಪನ ಹೆಸರು, ಪಲ್ಟನ್ನಿನ ಹೆಸರು. ಆ ಕಲ್ಲಿಗೆ ಒಂದು ತಂಬಿಗೆ ನೀರು ಸುರಿದು ಹೆಸರು ಹಿಡಿದು ಕರೆದರೆ ಎದ್ದು ಬರುತ್ತಾರೆ. ವರ್ಷಕ್ಕೆ ಒಂದೇ ಸಲ. ಯಾರು ಕರೆದರೋ ಅವರ ಹಿಂದೆ ನಡೆಯುತ್ತಾರೆ. ಸಂಜೆ ಕರೆದವರೇ ಎದುರು ನಿಂತು, "ಇಂಥದಕ್ಕ ಕರದಿದ್ದೆ, ಅದು ಆತು, ಹೋಗಿ ಮಲಗು" ಎಂದು ಹೇಳಿ ಕಳಿಸಬೇಕು. ಕರೆದ ಕಾರಣವೂ ಖರೆ ಇರಬೇಕು, ಆದದ್ದೂ ಖರೆ ಇರಬೇಕು. ಇಲ್ಲದಿದ್ದರೆ ಅವರು ನಿಂತಲ್ಲಿಂದ ಕದಲುವುದಿಲ್ಲ.

ಅದಕ್ಕೇ ನಮ್ಮೂರವರು ಅವರನ್ನು ಸಣ್ಣ ಕೆಲಸಕ್ಕೆ ಕರೆಯುತ್ತಾರೆ. ಖೈರುನ್‌ಬಿ ತನ್ನ ಮಗ ಮಕ್ಬೂಲನನ್ನು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಲು ಕರೆಯುತ್ತಾಳೆ. ಗೊರಟೆಸಮೇತ ಒಂದೇ ಏಟಿಗೆ ಎರಡು ಹೋಳು ಮಾಡುವವನು ಅವನೊಬ್ಬನೇ ಅಂತೆ. ಮೇಲಿನ ಓಣಿಯವರು ತಮ್ಮ ಮುತ್ತಜ್ಜನ ತಮ್ಮನನ್ನು ಹೊಲದ ಬದುವಿನ ಮೇಲೆ ನಿಲ್ಲಿಸಲು ಕರೆಯುತ್ತಾರೆ. ಅವನು ಬಂದೂಕು ಹಿಡಿದು ಸುಮ್ಮನೆ ನಿಂತರೆ ಸಾಕು, ಪಕ್ಕದ ಹೊಲದವರು ಆ ವರ್ಷ ಬದು ಒತ್ತುವುದಿಲ್ಲ. ನೋಡಬೇಕು ಅಂತ ಮಾತ್ರ ಯಾರೂ ಕರೆಯುವುದಿಲ್ಲ. ಮೊದಲ ವರ್ಷ ನನ್ನ ಅತ್ತೆ ಬಾಳವ್ವ ಹಾಗೆ ಕರೆದಿದ್ದಳು. ಸಂಜೆ "ನೋಡಾಕ ಕರದಿದ್ದೆ, ನೋಡಿದೆ, ಹೋಗಿ ಮಲಗು" ಅಂದರೆ ಮಗ ಕದಲಲಿಲ್ಲ. ಯಾವ ತಾಯಿಗೆ ನೋಡಿ ಮುಗಿಯುತ್ತದೆ? ಮೂರು ದಿನ ಪಡಸಾಲೆಯಲ್ಲಿ ನಿಂತಿದ್ದ. ಸಂಜೆ ದಾಟಿ ಹೊರಗುಳಿದರೆ ಸಿಪಾಯಿಗಳು ಮಾಸುತ್ತಾರೆ, ಮಾಸಿದ್ದು ಮತ್ತೆ ಬರುವುದಿಲ್ಲ. ಮೂರನೆಯ ದಿನ ಮಗನ ಎಡಗಡೆಯ ಹುಬ್ಬು ಕಾಣದಂತಾದಾಗ ಬಾಳವ್ವ, "ಇನ್ನ ನೋಡಲಾರೆ, ಸಾಕಾತು" ಎಂದು ಅತ್ತಳು. ಅದು ಖರೆಯಾಗಿತ್ತು, ಅವನು ಹೋದ. ಆಮೇಲೆ ಪ್ರತಿವರ್ಷ ಅವನು ಒಂದೇ ಹುಬ್ಬಿನಲ್ಲಿ ಬಂದು ಕಟ್ಟಿಗೆ ಒಡೆಯುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಬಾಳವ್ವ ಹಾಸಿಗೆ ಹಿಡಿದಳು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತು. ಅವಳು ಮಾತ್ರ, "ಆ ಹುಡುಗ ಬಂದು ಕಟ್ಟಿಗಿ ಒಡದು ಹೋಗ್ಲಿ, ಆಮ್ಯಾಲೆ ನಂದು ನೋಡೂಣು" ಎಂದು ಯಮನಿಗೇ ದಿನ ಗೊತ್ತುಮಾಡಿದ್ದಳು. ಅಮಾವಾಸ್ಯೆ ಕಳೆದ ಮೇಲೆ ಕರೆಯೋಣವೆಂದು ನಾನು ಮರದ ಬೊಡ್ಡೆಗಳನ್ನು ತರಿಸಿ ಹಿತ್ತಲಲ್ಲಿ ಹಾಕಿಸಿದ್ದೆ. ಅಷ್ಟರಲ್ಲಿ ಚುನಾವಣೆ ಬಂತು.

ಕಂದೀಲು ಗುರುತಿನ ಅಭ್ಯರ್ಥಿ ಸಂಗನಬಸಪ್ಪ ಗಚ್ಚಿನಮನಿ. ಊರೆಲ್ಲ ಅವನನ್ನು ಸಾವ್ಕಾರ ಎನ್ನುತ್ತದೆ. ಎಣ್ಣೆ ಗಿರಣಿ ಇದೆ, ದನಿ ಒಳ್ಳೆಯದು, ಎದುರಿಗೆ ಸಿಕ್ಕವರ ಮನೆಯ ಎಮ್ಮೆ ಕರು ಹಾಕಿತೇ ಎನ್ನುವುದನ್ನೂ ನೆನಪಿಟ್ಟು ಕೇಳುತ್ತಾನೆ. ಅವನ ಮನೆತನದಿಂದ ಯಾರೂ ಪಲ್ಟನ್ನಿಗೆ ಹೋದವರಿಲ್ಲ. ಒಂದು ಬೆಳಗ್ಗೆ ಅವನು ಬಾಜಾಬಜಂತ್ರಿಯೊಂದಿಗೆ ಸಿಪಾಯಿ ಹೊಲಕ್ಕೆ ಹೋಗಿ, ಕಲ್ಲುಗಳಿಗೆ ಬಾಟಲಿಯ ನೀರು ಸುರಿಸಿ, ಮೈಕು ಹಿಡಿದು ಒಂದೊಂದೇ ಹೆಸರನ್ನು ಓದಿದ. ಇನ್ನೊಬ್ಬರ ಮನೆಯ ಸಿಪಾಯಿಯನ್ನು ಕರೆಯಬಾರದೆಂದು ನಮ್ಮಲ್ಲಿ ಯಾರೂ ನಿಯಮ ಮಾಡಿರಲಿಲ್ಲ. ಇನ್ನೊಬ್ಬರ ಒಲೆಯ ಮೇಲಿನ ಪಾತ್ರೆ ಇಳಿಸಿಕೊಂಡು ಹೋಗಬಾರದೆಂದು ಯಾರಾದರೂ ನಿಯಮ ಮಾಡುತ್ತಾರೆಯೇ?

ಅವರು ಎದ್ದು ಬಂದರು. ಆ ವರ್ಷ ಮನೆಯವರು ಇನ್ನೂ ಕರೆಯದಿದ್ದ ಮೂವತ್ತು ಚಿಲ್ಲರೆ ಸಿಪಾಯಿಗಳು, ತಲೆಗೆ ಹಳೆಯ ಕಾಲದ ಪಟಗ ಸುತ್ತಿದವರು, ಹೊಸ ಕಾಲದ ಟೊಪ್ಪಿಗೆಯವರು, ಎಲ್ಲರೂ ಅವನ ಜೀಪಿನ ಹಿಂದೆ ಸಾಲುಗಟ್ಟಿ ಬಜಾರದಲ್ಲಿ ಹಾದುಹೋದರು. ಸುಳ್ಳು ಯಾಕೆ ಹೇಳಲಿ, ಬಾಜಾ ಕೇಳಿ ಬಾಗಿಲಿಗೆ ಓಡಿಬಂದ ನನಗೆ ಮೊದಲು ಮೈ ಜುಮ್ಮೆಂದಿತು. ಜನ ಹೂ ಎರಚುತ್ತಿದ್ದರು. ಪಕ್ಕದಲ್ಲಿ ನಿಂತ ಖೈರುನ್‌ಬಿ ಮಕ್ಬೂಲನನ್ನು ಕಂಡು ಕಣ್ಣೊರೆಸಿಕೊಂಡಳು. ಆಮೇಲೆ ಸಾಲಿನ ಕೊನೆಯಲ್ಲಿ ಒಂಟಿ ಹುಬ್ಬಿನ ಅಡಿವೆಪ್ಪ ಬಂದ. ಕೊರಳಲ್ಲಿ ಕಂದೀಲು ಚಿತ್ರದ ಶಾಲು. ನಮ್ಮ ಬಾಗಿಲನ್ನು ದಾಟಿ ಮುಂದೆ ಹೋದ, ಇತ್ತ ತಿರುಗಿಯೂ ನೋಡಲಿಲ್ಲ. ಒಳಗಿನಿಂದ ಅತ್ತೆ, "ಯಾರ ಮದವಿ ಅದು?" ಎಂದು ಕೇಳಿದಾಗ ನಾನು ಬಾಗಿಲು ಹಾಕಿಕೊಂಡೆ.

ಸಂಜೆ ಮೈದಾನದಲ್ಲಿ ಸಭೆ ಮುಗಿಯಿತು. ಸಾವ್ಕಾರ ಕೈಮುಗಿದು ಜೀಪು ಹತ್ತಿ ಪಕ್ಕದ ಊರಿನ ಸಭೆಗೆ ಹೋದ. ಸಿಪಾಯಿಗಳನ್ನು ಹೇಳಿ ಕಳಿಸಬೇಕೆನ್ನುವುದು ಅವನಿಗೆ ಗೊತ್ತೇ ಇರಲಿಲ್ಲ; ಕುರ್ಚಿಗಳನ್ನು ಬಾಡಿಗೆಯವರು ಒಯ್ಯುವಂತೆ ಇವರನ್ನೂ ಯಾರೋ ಒಯ್ಯುತ್ತಾರೆ ಎಂದುಕೊಂಡಿರಬೇಕು. ದೀಪ ಹಚ್ಚುವ ಹೊತ್ತಾಯಿತು. ಸಿಪಾಯಿಗಳು ವೇದಿಕೆಯ ಹಿಂದೆ ನಿಂತೇ ಇದ್ದರು. ಮನೆಮನೆಯವರು ಹೋಗಿ, "ಬಾರೋ, ನಡಿಯೋ" ಎಂದು ಕೈಹಿಡಿದು ಎಳೆದರೂ ಒಬ್ಬನೂ ಕದಲಲಿಲ್ಲ.

ಮರುದಿನ ಅವನನ್ನು ಹುಡುಕಿ ಕರೆತಂದೆವು. ಸಿಪಾಯಿಗಳು ಇನ್ನೂ ಅಲ್ಲೇ ಇದ್ದಾರೆಂದು ತಿಳಿದು ಅವನಿಗೆ ಒಳಗೊಳಗೇ ಖುಷಿಯಾದದ್ದು ಕಾಣುತ್ತಿತ್ತು, ಆದರೆ ನಮ್ಮ ಮುಖ ನೋಡಿ ಗಂಭೀರನಾದ. ಮೈಕು ತರಿಸಿದ. "ದೇಶದ ಗೌರವಕ್ಕಾಗಿ ನಿಮ್ಮನ್ನು ಕರೆದಿದ್ದೆ, ಅದು ಆಯಿತು, ಹೋಗಿ ಮಲಗಿರಿ" ಎಂದ. ಯಾರೂ ಮಿಸುಕಲಿಲ್ಲ. ಭಾಷಣ ಬರೆದುಕೊಡುವ ಒಬ್ಬ ಇದ್ದ, ಅವನು ಕಿವಿಯಲ್ಲಿ ಇನ್ನೊಂದು ಹೇಳಿದ. "ನಿಮ್ಮ ತ್ಯಾಗವನ್ನು ಈ ನಾಡಿಗೆ ನೆನಪಿಸಲು ಕರೆದಿದ್ದೆ" ಎಂದ. ಅದೂ ಆಗಲಿಲ್ಲ. ಒಂದಕ್ಕಿಂತ ಒಂದು ಚೆಂದದ ಮಾತುಗಳನ್ನು ಹುಡುಕಿ ಹುಡುಕಿ ಹೇಳಿದ. ಸಿಪಾಯಿಗಳು ಅವನ ತಲೆಯ ಮೇಲಿಂದ ಎಲ್ಲೋ ನೋಡುತ್ತಿದ್ದರು. ಕೊನೆಗೆ ಅವನು ಬೆವರೊರೆಸಿಕೊಂಡು, "ಇರಲಿ ಬಿಡ್ರಿ, ಅವರಿಗೂ ನಮ್ಮ ಕೂಡ ಇರಾಕ ಮನಸೈತಿ ಅಂತ ಕಾಣ್ತೈತಿ" ಎಂದು ಹೋದ. ಅವತ್ತಿನ ಸಭೆಯೂ ಅದೇ ಮೈದಾನದಲ್ಲಿ ನಡೆಯಿತು, ಸಿಪಾಯಿಗಳ ಮುಂದೆ.

ಹೀಗಾಗಿ ನಾವೇ ಮೈದಾನದಲ್ಲಿ ಮನೆ ಹೂಡಿದೆವು. ಕಡು ಬಿಸಿಲು. ಕೊಡೆ, ಸೀರೆ, ತಾಡಪಾಲು, ಯಾರ ಮನೆಯಲ್ಲಿ ಏನಿತ್ತೋ ಅದನ್ನು ತಂದು ತಮ್ಮ ತಮ್ಮವರ ನೆತ್ತಿಗೆ ನೆರಳು ಮಾಡಿದರು. ಖೈರುನ್‌ಬಿ ಮಾವಿನಕಾಯಿ ಬುಟ್ಟಿ ತಂದು ಮಗನ ಎದುರಿಗಿಟ್ಟಳು. ಕರೆದವಳು ಅವಳಲ್ಲವಲ್ಲ, ಅವನು ಬುಟ್ಟಿಯನ್ನು ನೋಡಲೂ ಇಲ್ಲ. ಅವಳು ತಾನೇ ಕುಳಿತು ಹೆಚ್ಚುತ್ತ, ಸಾವ್ಕಾರನ ಏಳು ತಲೆಮಾರನ್ನು ಬಯ್ದಳು. ನೆರಳು ಮಾಡಿದರೂ ಅವರು ಮಾಸುವುದು ನಿಲ್ಲಲಿಲ್ಲ. ಮೊದಲು ಗುಂಡಿಗಳು ಹೋದವು, ಆಮೇಲೆ ಉಗುರು. ಅಡಿವೆಪ್ಪನ ಮೀಸೆ ತೆಳುವಾಗತೊಡಗಿದ್ದನ್ನು ನಾನು ಯಾರಿಗೂ ಹೇಳದೆ ನೋಡುತ್ತಿದ್ದೆ. ನನಗೆ ಅವನದು ಎಂದು ಉಳಿದಿದ್ದದ್ದೇ ಆ ಮುಖ. ನನ್ನ ಹತ್ತಿರ ಮಗುವಿಲ್ಲ, ಫೋಟೋ ಕೂಡ ಮದುವೆಯದೊಂದೇ, ಅದರಲ್ಲಿ ಅವನು ಕಣ್ಣು ಮುಚ್ಚಿಕೊಂಡಿದ್ದಾನೆ.

ಅತ್ತೆಯಿಂದ ಮುಚ್ಚಿಡಲು ಆಗಲಿಲ್ಲ. "ನನ್ನ ಅಲ್ಲಿಗೇ ಒಯ್ಯಿರಿ" ಎಂದಳು. ನಾಲ್ಕು ಜನ ಮಂಚ ಹೊತ್ತು ಮೈದಾನಕ್ಕೆ ತಂದು ಮಗನ ಎದುರಿಗೆ ಇಳಿಸಿದರು. ಮೊದಲೇ ಮಂಜಾದ ಕಣ್ಣು. ಬಹಳ ಹೊತ್ತು ನೋಡಿ, "ಮೀಸಿ ಎಲ್ಲೈತಿ?" ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಸಾವ್ಕಾರ ಸಂಜೆಯ ಸಭೆಯ ವೇದಿಕೆ ನೋಡಲು ಬಂದ. ಕ್ಯಾಮೆರಾದವರು ಊಟಕ್ಕೆ ಹೋಗಿದ್ದರು. ಬಾಳವ್ವ ಕೈಬೀಸಿ ಕರೆದಳು. ಅವನು ಬಂದು ಮಂಚದ ಪಕ್ಕ ನೆಲಕ್ಕೇ ಕುಳಿತ. ಅಷ್ಟು ಮರ್ಯಾದೆ ಅವನಿಗಿತ್ತು.

"ಊಟ ಆತೇನು, ತಮ್ಮಾ?"

"ಆತಜ್ಜಿ. ನಿಮಗ ಈಗ ಹೆಂಗೈತಿ?"

"ನಂದು ಬಿಡು. ನನ್ನ ಮಗನ್ನ ಯಾತಕ್ಕ ಕರದಿ?"

"ಅಜ್ಜಿ, ಈ ದೇಶದ..."

"ಅದನ್ನ ಮೈಕಿನ್ಯಾಗ ಕೇಳೇನಿ. ನನಗ ಹೇಳು."

ಅವನು ವೇದಿಕೆಯ ಕಡೆ ತಿರುಗಿ ನೋಡಿದ. ಬಾಳವ್ವ ಒಂದು ಗುಟುಕು ನೀರು ಕುಡಿದು, ನಿಧಾನವಾಗಿ ಹೇಳಿದಳು. "ಹೇಳಾಕ ನಾಚಿಕಿ ಯಾಕ? ಈ ಖೈರು ತನ್ನ ಮಗನ್ನ ಉಪ್ಪಿನಕಾಯಿಗೆ ಕರೀತಾಳ. ನಾ ಕಟ್ಟಿಗಿ ಒಡ್ಯಾಕ ಕರೀತೀನಿ. ಸಣ್ಣ ಕೆಲಸಕ್ಕ ಕರದ್ರ ಅವರೇನು ಸಿಟ್ಟಾಗೂದಿಲ್ಲ. ಇಲ್ಲದ್ದನ್ನ ಹೇಳಿದ್ರ ಅವರಿಗೆ ತಿಳಿಯೂದಿಲ್ಲ, ಅಷ್ಟ."

ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ, ಇಷ್ಟು ದಿನ ನಾವು ಕೇಳಿರದ ಒಂದು ಸಣ್ಣ ದನಿಯಲ್ಲಿ, "ಓಟಿಗೆ, ಅಜ್ಜಿ" ಎಂದ.

"ಹಂಗಂತ ಅವಗ ಹೇಳು."

ಅವನು ಎದ್ದು ಅಡಿವೆಪ್ಪನ ಎದುರು ನಿಂತ. "ಓಟಿಗೆ ಕರದಿದ್ದೆ. ಅದು ಆತು. ಹೋಗಿ ಮಲಗು." ಅಡಿವೆಪ್ಪ ಮೊದಲ ಸಲ ಕಣ್ಣಿಳಿಸಿ ಅವನ ಮುಖ ನೋಡಿದ. ಆದರೆ ಕಾಲು ಕೀಳಲಿಲ್ಲ.

"ಎಲ್ಲಿ ಆಗೈತ್ರಿ?" ಎಂದಳು ಖೈರುನ್‌ಬಿ, ಕೈಯಲ್ಲಿ ಇಳಿಗೆ ಮಣೆ ಹಿಡಿದೇ. "ಓಟು ಇನ್ನ ಎರಡು ವಾರ ಐತಿ. ಅಲ್ಲೀತನ ನಿಂತ್ರ ಬರೇ ಬೂಟು ಉಳೀತಾವ."

ನನಗೆ ತಡೆಯಲಾಗಲಿಲ್ಲ. "ಸಾವ್ಕಾರ್ರ, ಚುನಾವಣಿ ಬಿಟ್ಟುಬಿಡ್ರಿ. ಓಟು ಬ್ಯಾಡ ಅಂದುಬಿಟ್ರ ಅಲ್ಲಿಗೆ ಕೆಲಸ ಮುಗೀತೈತಿ. ಎಲ್ಲಾರೂ ಹೋಗಿ ಮಲಗ್ತಾರ."

ಅವನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. "ಅದೊಂದು ಬಿಟ್ಟು ಏನರ ಕೇಳವಾ, ತಂಗಿ" ಎಂದ. ಆ ಮಾತು ಖರೆ ಅನ್ನಿಸಿತು. ಖರೆ ಅನ್ನಿಸಿದ್ದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

"ಹೆಂಗ ಬಿಡ್ತಾನವಾ? ಅವಂದೂ ಒಂದು ಆಸೆ" ಎಂದಳು ಬಾಳವ್ವ. ಮಂಚದ ಮೇಲೆ ಏಳಲು ನೋಡಿ ಆಗದೆ, ಮಲಗಿದಲ್ಲಿಂದಲೇ ಕೈ ಚಾಚಿದಳು. "ನನ್ನ ಓಟು ನಿನಗ ಕೊಟ್ಟೆ, ತಮ್ಮಾ. ನನ್ನ ಮಗನ್ನ ಕರದದ್ದಕ್ಕ ನಿನಗ ನನ್ನ ಓಟು ಬಂತು. ಆತಿಲ್ಲೋ? ಈಗ ಹೇಳು."

"ಅತ್ತೀ, ಬ್ಯಾಡ್ರಿ! ಇಂಥವಗ..."

"ನೀ ಸುಮ್ನಿರು. ಓಟು ಮುಂದಿನ ಸಲಾನೂ ಬರ್ತೈತಿ. ಅವನ ಮೀಸಿ ಬರೂದಿಲ್ಲ."

ಸಾವ್ಕಾರ ಮತ್ತೆ ಅದೇ ಮಾತು ಹೇಳಿದ. ಅಡಿವೆಪ್ಪ ಕೊರಳಿನ ಶಾಲನ್ನು ತೆಗೆದು ವೇದಿಕೆಯ ಅಂಚಿಗೆ ನೇತುಹಾಕಿ, ಮಂಚವನ್ನು ಬಳಸಿಕೊಂಡು, ಪಡುವಣಕ್ಕೆ ನಡೆದ. ಬಾಳವ್ವ ಮೈದಾನದ ಕೊನೆಯವರೆಗೂ ಅವನನ್ನೇ ನೋಡಿದಳು. "ಬೆನ್ನು ಥೇಟ್ ಅವರಪ್ಪಂದ" ಎಂದಳು.

ಆಮೇಲೆ ಏನಾಯಿತೆಂದು ಊಹಿಸಬಹುದು. ಒಂದೊಂದೇ ಮನೆಯ ಹಿರಿಯರು ಬಂದು, ತಮ್ಮವನ ಎದುರು ನಿಂತು, ತಮ್ಮ ಓಟನ್ನು ಸಾವ್ಕಾರನಿಗೆ ಕೊಟ್ಟು ಬಿಡಿಸಿಕೊಂಡರು. ಖೈರುನ್‌ಬಿ, "ತಗೋ, ಇದನ್ನೂ ತಿನ್ನು" ಎಂದು ಕೊಟ್ಟಳು. ಸಾವ್ಕಾರ ಯಾರ ಮುಖವನ್ನೂ ನೋಡದೆ ಪ್ರತಿಯೊಬ್ಬ ಸಿಪಾಯಿಗೂ ಅದೇ ಮೂರು ಮಾತು ಹೇಳಿದ. ಸಂಜೆಯ ಹೊತ್ತಿಗೆ ಮೈದಾನ ಖಾಲಿಯಾಗಿತ್ತು. ಅವತ್ತಿನ ಸಭೆಯಲ್ಲಿ ಅವನ ಭಾಷಣ ಬಹಳ ಚಿಕ್ಕದಾಗಿತ್ತು ಅಂತ ಹೋದವರು ಹೇಳಿದರು. ಮರುದಿನದಿಂದ ಮತ್ತೆ ಉದ್ದವಾಯಿತು.

ಬಾಳವ್ವ ಆ ವಾರವೇ ಹೋದಳು. ಬೆಳಗ್ಗೆ ಚಹಾ ಕೇಳಿದಳು, ನಾನು ತರುವಷ್ಟರಲ್ಲಿ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ, ಮಗನಿಗೂ ಒಂದು ಮಾತು ಹೇಳೋಣವೆಂದು ಸಿಪಾಯಿ ಹೊಲಕ್ಕೆ ಹೋದೆ. ಅಡಿವೆಪ್ಪ ತನ್ನ ಕಲ್ಲಿನ ಮೇಲೆ ಕುಳಿತಿದ್ದ.

ಯಾಕೆಂದು ನನಗೆ ಕೂಡಲೇ ತಿಳಿಯಿತು. ಅವನನ್ನು ಕಳಿಸಿದ್ದು ಅವ್ವನ ಓಟಿನ ಮೇಲೆ. ಅವ್ವನೇ ಹೋದ ಮೇಲೆ ಆ ಓಟು ಎಲ್ಲಿಯದು? ಆದದ್ದು ಆಗದ ಹಾಗಾಯಿತು. ಮೀಸೆ ಪೂರ್ತಿ ಹೋಗಿತ್ತು. ಗದ್ದ ಹೋಗುತ್ತಿತ್ತು. ನಾನು ಸೆರಗಿನಿಂದ ಅವನ ನೆತ್ತಿಗೆ ನೆರಳು ಮಾಡಿ ಎಷ್ಟೋ ಹೊತ್ತು ನಿಂತೆ, ಬಾಯಿಬಿಟ್ಟು ಅತ್ತುಬಿಟ್ಟೆ. ಓಟಿನ ದಿನದವರೆಗೂ ದಿನಾ ಕೊಡೆ ಹಿಡಿದು ಅಲ್ಲಿ ಹೋಗಿ ಕುಳಿತೆ.

ನನ್ನ ಓಟನ್ನು ನಾನು ಸಾವ್ಕಾರನ ಎದುರು ನಿಂತಿದ್ದ ನಳದ ಗುರುತಿನ ಮಾಸ್ತರರಿಗೆಂದು ಎಂದೋ ನಿರ್ಧರಿಸಿದ್ದೆ; ಅತ್ತೆಯ ಓಟಿನ ಬದಲಿಗೆ ಅದನ್ನು ಕೊಡಲು ಅಲ್ಲಿಯವರೆಗೂ ಮನಸ್ಸು ಒಪ್ಪಿರಲಿಲ್ಲ. ನಮ್ಮ ಓಣಿಗೆ ನೀರು ಬರಲೆಂದು ಅವರು ಕಚೇರಿಯ ಮುಂದೆ ಬಿಸಿಲಲ್ಲಿ ಕುಳಿತವರು, ನಾನೂ ಅವರ ಜೊತೆ ಕೊಡ ಹಿಡಿದು ಕುಳಿತವಳು. ಅವರು ಗೆದ್ದರೆ ಈ ಊರಿಗೆ ಒಳ್ಳೆಯದಾಗುತ್ತಿತ್ತೆಂದು ಇವತ್ತೂ ನಂಬಿದ್ದೇನೆ. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ರಟ್ಟಿನ ಮರೆಗೆ ಹೋದೆ. ಅಲ್ಲಿ ಯಾರೂ ನೋಡುವವರಿರಲಿಲ್ಲ. ಮಾತು ಕೊಟ್ಟವಳು ನಾನಲ್ಲ, ಅತ್ತೆ. ಒಂದು ಕಡೆ ನಳ, ಒಂದು ಕಡೆ ಕಂದೀಲು. ಇಷ್ಟು ವರ್ಷ ನನ್ನ ಒಲೆಗೆ ಕಟ್ಟಿಗೆ ಒಡೆದುಕೊಟ್ಟ ಗಂಡನಿಗೆ ನಾನು ಏನು ಮಾಡಿಕೊಟ್ಟಿದ್ದೆ ಎಂದು ನೆನೆದರೆ ಒಂದು ಲೋಟ ನೀರೂ ನೆನಪಿಗೆ ಬರಲಿಲ್ಲ. ಸತ್ತವರು ನೀರು ಕುಡಿಯುವುದಿಲ್ಲ. ಕಂದೀಲಿನ ಮುಂದಿನ ಗುಂಡಿ ಒತ್ತಿದೆ. ಯಂತ್ರ ಕೂಗಿತು. ಮಾಸ್ತರರ ಮುಖ ನೋಡಬೇಕಾಗುತ್ತದೆಂದು ಹಿಂದಿನ ಬಾಗಿಲಿನಿಂದ ಹೊರಬಿದ್ದೆ.

ಹೊಲಕ್ಕೆ ಹೋದಾಗ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಓಟು ಆಗಿತ್ತು, ಅವನು ಹೋಗಿ ಮಲಗಿದ್ದ. ಆದರೆ ಮುಂದಿನ ವರ್ಷ ಇನ್ನೊಬ್ಬ ಬರುತ್ತಾನೆ. ಮೈಕು ತರುತ್ತಾನೆ, ಕಲ್ಲಿನ ಮೇಲಿನ ಹೆಸರು ಓದುತ್ತಾನೆ. ಮನೆಗೆ ಹೋಗಿ ಉಳಿ, ಸುತ್ತಿಗೆ ತಂದೆ. ಹೆಸರಿಲ್ಲದ ಕಲ್ಲಿನಿಂದ ಅವನು ಎದ್ದು ಬರುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬರದಿದ್ದರೆ ಬೇಡ, ಮಲಗಿರಲಿ ಎಂದುಕೊಂಡು ಅಡಿವೆಪ್ಪನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೆತ್ತಿ ತೆಗೆದೆ. ಕೆಲಸ ಮುಗಿಸಿ ತಲೆಯೆತ್ತಿದರೆ ಖೈರುನ್‌ಬಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. "ಮುಗದ್ರ ಇತ್ತ ಕೊಡು" ಎಂದು ಉಳಿಗೆ ಕೈ ಚಾಚಿದಳು. ವಾರ ಕಳೆಯುವಷ್ಟರಲ್ಲಿ ಇಡೀ ಹೊಲದಲ್ಲಿ ಒಂದು ಹೆಸರೂ ಉಳಿಯಲಿಲ್ಲ. ಯಾರದು ಯಾವುದೆಂದು ಆಯಾ ಮನೆಯವರಿಗೆ ಗೊತ್ತು, ಅಷ್ಟೇ.

ಸಾವ್ಕಾರ ಗೆದ್ದ. ಗೆದ್ದ ಅಂತರ ನಮ್ಮ ಮೂವತ್ತು ಚಿಲ್ಲರೆ ಓಟಿಗಿಂತ ಕಡಿಮೆ. ಸಿಪಾಯಿಗಳ ದಿನದಂದು ಅವನು ದೊಡ್ಡ ಹೂವಿನ ಹಾರ ಹೊರಿಸಿಕೊಂಡು, ಕ್ಯಾಮೆರಾದವರೊಂದಿಗೆ ಹೊಲಕ್ಕೆ ಬಂದ. ನಾವೆಲ್ಲ ಬೇಲಿಯ ಹತ್ತಿರ ನಿಂತಿದ್ದೆವು. ಬೋಳು ಕಲ್ಲುಗಳನ್ನು ನೋಡಿ ಅವನಿಗೆ ದಿಕ್ಕು ತಪ್ಪಿತು. ಒಂದು ಸಾಲು ಹೋದ, ಇನ್ನೊಂದು ಸಾಲು ಬಂದ. ಕೊನೆಗೆ ಕ್ಯಾಮೆರಾದವರನ್ನು ದೂರ ನಿಲ್ಲಿಸಿ ನನ್ನ ಹತ್ತಿರ ಬಂದು, ಅಂದು ಅತ್ತೆಯ ಮಂಚದ ಪಕ್ಕ ಕುಳಿತಾಗಿನ ಅದೇ ಸಣ್ಣ ದನಿಯಲ್ಲಿ, "ಅಡಿವೆಪ್ಪಂದು ಯಾವುದು, ತಂಗಿ? ಅದೊಂದಕ್ಕರ ಹಾಕಿ ಹೋಗ್ತೀನಿ" ಎಂದ.

ಅವನು ನಿಜವಾಗಿಯೇ ಕೇಳಿದ್ದಿರಬಹುದು. ನನಗೆ ಅವನ ಮೇಲೆ ಆ ಕ್ಷಣ ಕರುಣೆಯೂ ಬಂತು. ಅಡಿವೆಪ್ಪನ ಕಲ್ಲು ಅವನ ಬೆನ್ನ ಹಿಂದೆಯೇ ಇತ್ತು. ನಾನು ಆ ಕಡೆ ಕಣ್ಣು ಹೊರಳದಂತೆ ನೆಲ ನೋಡುತ್ತ, "ಗೊತ್ತಿಲ್ರಿ" ಎಂದೆ. ಅವನು ಇನ್ನಷ್ಟು ಹೊತ್ತು ನಿಂತು ನೋಡಿ, ಹಾರವನ್ನು ಗೇಟಿಗೆ ಹಾಕಿಸಿ ಹೋದ.